ವೈಜ್ಞಾನಿಕ ಹಾರರ್ ಸಿನಿಮಾ ಕಟ್ಟುವ ಬಗೆ: ಜೀವಿಯ ನಿಯಮದಿಂದ ಕೊನೆಯ ಸದ್ದಿನವರೆಗೆ

ವೈಜ್ಞಾನಿಕ ಹಾರರ್ ಸಿನಿಮಾ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೂರುವುದು ಜೀವಿಯ ಚಿತ್ರ ಬಿಡಿಸಲು. ಎಷ್ಟು ಕಾಲು, ಎಂಥ ಹಲ್ಲು, ಚರ್ಮ ಯಾವ ಬಣ್ಣ. ನನ್ನ ಸಲಹೆ ಇಷ್ಟೇ: ಆ ಪೆನ್ಸಿಲನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಜೀವಿ ಹೇಗೆ ಕಾಣುತ್ತದೆ ಎನ್ನುವುದಕ್ಕಿಂತ ಮೊದಲು ಅದು ಹೇಗೆ ಬದುಕುತ್ತದೆ ಎನ್ನುವುದು ತೀರ್ಮಾನವಾಗಬೇಕು. ದೆವ್ವದ ಕಥೆಯಲ್ಲಿ ಬಾಗಿಲು ತನ್ನಷ್ಟಕ್ಕೆ ತೆರೆದುಕೊಂಡರೆ ಯಾರೂ ಕಾರಣ ಕೇಳುವುದಿಲ್ಲ. ವಿಜ್ಞಾನದ ಹೆಸರಿನಲ್ಲಿ ಬರುವ ಭಯಕ್ಕೆ ಆ ರಿಯಾಯಿತಿ ಇಲ್ಲ. ಅದಕ್ಕೊಂದು ನಿಯಮ ಬೇಕು. ಆ ನಿಯಮ ಗಟ್ಟಿಯಾಗಿದ್ದರೆ ಚಿತ್ರಕಥೆ, ಸೆಟ್, ಮೇಕಪ್, ಬೆಳಕು, ಸದ್ದು ಎಲ್ಲವೂ ಅದರಿಂದಲೇ ಹುಟ್ಟುತ್ತವೆ. ಸಡಿಲವಾಗಿದ್ದರೆ ಎಷ್ಟೇ ದುಡ್ಡು ಸುರಿದರೂ ಕೊನೆಗೆ ಉಳಿಯುವುದು ರಬ್ಬರಿನ ಬೊಂಬೆ.

ಈ ಪ್ರಕಾರದ ಮೂರು ಸಿನಿಮಾಗಳ ತೆರೆಮರೆಯ ಕೆಲಸವನ್ನು ನಾನು ಮತ್ತೆ ಮತ್ತೆ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ: 1979ರ 'ಏಲಿಯನ್', 1982ರ 'ದಿ ಥಿಂಗ್' ಮತ್ತು 1986ರ 'ದಿ ಫ್ಲೈ'. ಮೂರೂ ಕಂಪ್ಯೂಟರಿನಲ್ಲಿ ಜೀವಿಗಳನ್ನು ಸೃಷ್ಟಿಸುವ ಕಾಲಕ್ಕಿಂತ ಮೊದಲಿನವು. ಹಾಗಾಗಿ ಅಲ್ಲಿ ಪ್ರತಿ ಸಮಸ್ಯೆಗೂ ಕೈಯಿಂದಲೇ ಪರಿಹಾರ ಹುಡುಕಿದ್ದಾರೆ. ಕಡಿಮೆ ಬಜೆಟ್‌ನಲ್ಲಿ ಕೆಲಸ ಮಾಡುವವರಿಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಹಂತ 1: ಒಂದು ಪುಟದ ನಿಯಮಪತ್ರ ಬರೆಯಿರಿ

ಒಂದೇ ಪುಟ, ಅದಕ್ಕಿಂತ ಹೆಚ್ಚು ಬೇಡ. ಅದರಲ್ಲಿ ಜೀವಿ ಏನು ತಿನ್ನುತ್ತದೆ, ಹೇಗೆ ಸಂತಾನ ಬೆಳೆಸುತ್ತದೆ, ಮನುಷ್ಯ ಅದಕ್ಕೆ ಯಾಕೆ ಬೇಕು, ಅದನ್ನು ಯಾವುದು ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ಸರಳ ವಾಕ್ಯಗಳಲ್ಲಿ ಬರೆಯಿರಿ. ಜೀವಿಯ ಬದಲು ಯಂತ್ರವೋ ರೋಗವೋ ಪ್ರಯೋಗವೋ ಇದ್ದರೂ ಪ್ರಶ್ನೆಗಳು ಇವೇ.

ಐಡಿಯಾ ಬೇಕಿದ್ದರೆ ಬೇರೆ ಸಿನಿಮಾ ನೋಡಬೇಡಿ, ಜೀವಶಾಸ್ತ್ರ ಓದಿ. ಓಫಿಯೋಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ ಇರುವೆಯೊಳಗೆ ಬೆಳೆದು, ಅದನ್ನು ಗಿಡ ಹತ್ತಿಸಿ, ಎಲೆಯ ನರವನ್ನು ಕಚ್ಚಿ ಹಿಡಿಯುವಂತೆ ಮಾಡುತ್ತದೆ. ಇರುವೆ ಅಲ್ಲೇ ಸಾಯುತ್ತದೆ, ಆಮೇಲೆ ಅದರ ದೇಹದಿಂದ ಶಿಲೀಂಧ್ರದ ಕಾಂಡ ಹೊರಬರುತ್ತದೆ. ಸ್ಯಾಕ್ಯುಲಿನಾ ಎಂಬ ಪರಾವಲಂಬಿ ಏಡಿಯ ಒಳಗೆ ಬೇರಿನಂತೆ ಹರಡಿಕೊಂಡು, ಗಂಡು ಏಡಿಯೂ ಪರಾವಲಂಬಿಯ ಮೊಟ್ಟೆಗಳನ್ನು ತನ್ನವೇ ಎಂಬಂತೆ ಜೋಪಾನ ಮಾಡುವ ಹಾಗೆ ಬದಲಿಸಿಬಿಡುತ್ತದೆ. ಕೆಲವು ಜಾತಿಯ ಕಣಜಗಳು ಜೀವಂತ ಕಂಬಳಿಹುಳುವಿನೊಳಗೆ ಮೊಟ್ಟೆ ಇಡುತ್ತವೆ, ಮರಿಗಳು ಅದನ್ನು ಒಳಗಿನಿಂದಲೇ ತಿಂದು ಹೊರಬರುತ್ತವೆ. 'ಏಲಿಯನ್'ನ ಜೀವಿಯ ಜೀವನಚಕ್ರದ ಹಿಂದೆ ಇಂಥ ಪರಾವಲಂಬಿ ಕಣಜಗಳ ನೆರಳಿದೆ.

ಭೌತಶಾಸ್ತ್ರದಲ್ಲೂ ಭಯಕ್ಕೆ ಬೇಕಾದ ಸಾಮಗ್ರಿ ಬೇಕಾದಷ್ಟಿದೆ. ಮಂಗಳ ಗ್ರಹದಿಂದ ಭೂಮಿಗೆ ಒಂದು ಸಂದೇಶ ತಲುಪಲು, ಗ್ರಹಗಳ ಸ್ಥಾನಕ್ಕೆ ತಕ್ಕಂತೆ, ಸುಮಾರು 3ರಿಂದ 22 ನಿಮಿಷ ಬೇಕು. "ಕಾಪಾಡಿ" ಎಂದವನಿಗೆ ಉತ್ತರ ಬರಲು ಅದರ ಎರಡರಷ್ಟು. ನಿರ್ವಾತಕ್ಕೆ ಬಿದ್ದ ಮನುಷ್ಯ ಸ್ಫೋಟವಾಗುವುದಿಲ್ಲ. ಹತ್ತು ಹದಿನೈದು ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ, ಆದರೆ ಅಷ್ಟು ಹೊತ್ತು ತನಗೇನಾಗುತ್ತಿದೆ ಎಂದು ಅವನಿಗೆ ಗೊತ್ತಿರುತ್ತದೆ. ಸ್ಫೋಟಕ್ಕಿಂತ ಇದು ಎಷ್ಟೋ ಪಾಲು ಭಯಾನಕ, ಜೊತೆಗೆ ನಿಜ.

ನಿಯಮ ಒಳ್ಳೆಯದಿದ್ದರೆ ಅದರಿಂದ ದೃಶ್ಯಗಳು ತಾವಾಗಿಯೇ ಉದುರುತ್ತವೆ. 'ದಿ ಥಿಂಗ್'ನ ಜೀವಿ ಯಾವ ಪ್ರಾಣಿಯನ್ನಾದರೂ ಕೋಶಕೋಶವಾಗಿ ನಕಲು ಮಾಡಬಲ್ಲದು, ಅದರ ಪ್ರತಿ ತುಣುಕೂ ಸ್ವತಂತ್ರವಾಗಿ ಬದುಕಲು ಹವಣಿಸುತ್ತದೆ. ಈ ಒಂದು ನಿಯಮದಿಂದ ಹುಟ್ಟಿದ್ದೇ ರಕ್ತಪರೀಕ್ಷೆಯ ದೃಶ್ಯ. ಒಂದು ಕೋಣೆ, ಕಟ್ಟಿಹಾಕಿದ ಕೆಲವು ಗಂಡಸರು, ಗಾಜಿನ ತಟ್ಟೆಗಳಲ್ಲಿ ಒಬ್ಬೊಬ್ಬರ ರಕ್ತ, ಕಾಯಿಸಿದ ಒಂದು ತಂತಿ. ಯಾರ ರಕ್ತ ತಂತಿಯಿಂದ ತಪ್ಪಿಸಿಕೊಳ್ಳಲು ಹಾರುತ್ತದೋ ಅವನು ಮನುಷ್ಯನಲ್ಲ. ದೃಶ್ಯದ ಬಹುಪಾಲು ಬರೀ ಮುಖಗಳ ಮೇಲೆ ನಡೆಯುತ್ತದೆ. ಇಡೀ ಚಿತ್ರದಲ್ಲಿ ಉಸಿರು ಬಿಗಿಹಿಡಿಸುವುದು ಇದೇ.

ನಿಯಮಪತ್ರ ಬರೆದ ಮೇಲೆ ಅದನ್ನು ಚಿತ್ರಕಥೆಗಾರರ ಕಪಾಟಿನಲ್ಲಿ ಇಡಬೇಡಿ. ಕಲಾ ವಿಭಾಗ, ಮೇಕಪ್, ಸೌಂಡ್, ಛಾಯಾಗ್ರಹಣ, ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. 'ಏಲಿಯನ್' ಬರೆಯುವಾಗ ಡ್ಯಾನ್ ಓ'ಬ್ಯಾನನ್‌ಗೆ ಒಂದು ತೊಡಕಿತ್ತು: ಅಂತರಿಕ್ಷ ಹಡಗಿನ ಸಿಬ್ಬಂದಿ ಆ ಜೀವಿಯನ್ನು ಸುಮ್ಮನೆ ಗುಂಡಿಟ್ಟು ಕೊಂದುಬಿಡಬಾರದೇಕೆ? ಉತ್ತರ ಕೊಟ್ಟವರು ವಿನ್ಯಾಸಕಾರ ರಾನ್ ಕಾಬ್. ಅದರ ರಕ್ತ ಆಮ್ಲವಾಗಿದ್ದರೆ? ಗಾಯ ಮಾಡಿದರೆ ಹಡಗಿನ ತಳವೇ ತೂತಾಗುತ್ತದೆ. ಚಿತ್ರಕಥೆಯ ದೊಡ್ಡ ಗಂಟು ಬಿಚ್ಚಿದ್ದು ಚಿತ್ರ ಬಿಡಿಸುವವರ ಮೇಜಿನ ಮೇಲೆ.

ಹಂತ 2: ಚಿತ್ರಕಥೆಯಲ್ಲಿ ಕೆಲಸದ ಜನರನ್ನು ತನ್ನಿ

ಈ ಪ್ರಕಾರದಲ್ಲಿ ಪಾತ್ರಗಳಿಗೆ ದೀರ್ಘ ಪೂರ್ವಕಥೆ ಬೇಕಿಲ್ಲ. ಅವರಿಗೆ ಮಾಡಲು ಒಂದು ಕೆಲಸ ಬೇಕು. ರಿಪೇರಿ ಮಾಡುವವನು, ಅಡುಗೆ ನೋಡಿಕೊಳ್ಳುವವನು, ಸಂಬಳ ಬೋನಸ್ಸಿನ ಬಗ್ಗೆ ಗೊಣಗುವವನು. ದಿನನಿತ್ಯದ ಕೆಲಸ ನಂಬುವ ಹಾಗಿದ್ದರೆ ಅಸಾಧ್ಯವಾದದ್ದು ಬಂದಾಗ ಅದನ್ನೂ ನಂಬುತ್ತೇವೆ. 'ಏಲಿಯನ್'ನ ಸಿಬ್ಬಂದಿ ಸರಕು ಸಾಗಿಸುವವರು, ವೀರಯೋಧರಲ್ಲ. ಮೂಲ ಚಿತ್ರಕಥೆಯಲ್ಲಿ ಪಾತ್ರಗಳನ್ನು ಗಂಡಸಾದರೂ ಹೆಂಗಸಾದರೂ ಮಾಡಬಹುದು ಎಂದು ಸ್ಪಷ್ಟವಾಗಿ ಬರೆದಿತ್ತು. ಮುಖ್ಯ ಪಾತ್ರವಾದ ರಿಪ್ಲಿ ಮಹಿಳೆಗೆ ಹೋಗಲು ಆ ಒಂದು ಟಿಪ್ಪಣಿ ದಾರಿ ಮಾಡಿತು. ನೀವೂ ಮೊದಲ ಕರಡನ್ನು ಹಾಗೆಯೇ ಬರೆದು ನೋಡಿ. ನಟರ ಆಯ್ಕೆಯಲ್ಲಿ ಅದು ಕೊಡುವ ಸ್ವಾತಂತ್ರ್ಯ ದೊಡ್ಡದು.

ಕರಡು ಮುಗಿದ ಮೇಲೆ ಒಂದು ಕೆಂಪು ಪೆನ್ನು ಹಿಡಿದು, ವಿಜ್ಞಾನವನ್ನು ವಿವರಿಸುವ ಪ್ರತಿ ಸಂಭಾಷಣೆಗೂ ಗೆರೆ ಹಾಕಿ. ಅವುಗಳಲ್ಲಿ ಅರ್ಧದಷ್ಟನ್ನು ಕ್ರಿಯೆಯಾಗಿ ಬದಲಾಯಿಸಬಹುದು. ರಕ್ತ ಆಮ್ಲ ಎಂದು ಯಾರೂ ಪಾಠ ಹೇಳುವುದಿಲ್ಲ. ಒಂದು ಹನಿ ಬೀಳುತ್ತದೆ, ನೆಲ ಕರಗುತ್ತದೆ, ಎಲ್ಲರೂ ಕೆಳಗಿನ ಮಹಡಿಗೆ ಓಡುತ್ತಾರೆ. ಅಲ್ಲೂ ತೂತು, ಅದರ ಕೆಳಗೂ ತೂತು. ಇಷ್ಟರಲ್ಲಿ ನಿಯಮ ಪ್ರೇಕ್ಷಕರ ತಲೆಯಲ್ಲಿ ಕೂತಿರುತ್ತದೆ.

ಹಂತ 3: ದುಡ್ಡು ಕೇಳುವ ಮೊದಲು ಚಿತ್ರ ತೋರಿಸಿ

ಈಗ ಪೆನ್ಸಿಲ್ ಎತ್ತಿಕೊಳ್ಳಬಹುದು.

ವೈಜ್ಞಾನಿಕ ಹಾರರ್ ಚಿತ್ರಕಥೆಯನ್ನು ಓದಿ ಕಲ್ಪಿಸಿಕೊಳ್ಳುವುದು ನಿರ್ಮಾಪಕರಿಗೆ ಕಷ್ಟ. "ಗೋಡೆಯಿಂದ ಜೀವಿ ಬೇರ್ಪಡುತ್ತದೆ" ಎಂಬ ವಾಕ್ಯ ಓದಿದ ಹತ್ತು ಜನರ ಮನಸ್ಸಿನಲ್ಲಿ ಹತ್ತು ಚಿತ್ರ ಮೂಡುತ್ತದೆ. ನಿರ್ದೇಶಕ ರಿಡ್ಲಿ ಸ್ಕಾಟ್ 'ಏಲಿಯನ್'ಗಾಗಿ ತಾವೇ ಕೂತು ವಿವರವಾದ ಸ್ಟೋರಿಬೋರ್ಡ್ (ಶಾಟಿನಿಂದ ಶಾಟಿಗೆ ದೃಶ್ಯಗಳ ಚಿತ್ರ) ಬಿಡಿಸಿದರು. ಅದನ್ನು ನೋಡಿದ ಸ್ಟುಡಿಯೋ ಬಜೆಟ್ಟನ್ನು 42 ಲಕ್ಷ ಡಾಲರಿನಿಂದ 84 ಲಕ್ಷ ಡಾಲರಿಗೆ ಏರಿಸಿತು. ಕಥೆ ಬದಲಾಗಿರಲಿಲ್ಲ, ಕಾಣಿಸುವಂತಾಗಿತ್ತು ಅಷ್ಟೇ.

ಜೀವಿಯ ವಿನ್ಯಾಸಕ್ಕೆ ಸಿನಿಮಾದವರನ್ನೇ ಹುಡುಕಬೇಕೆಂದಿಲ್ಲ. ಸ್ವಿಟ್ಜರ್ಲೆಂಡಿನ ಎಚ್. ಆರ್. ಗೀಗರ್ ಮೂಲತಃ ಚಿತ್ರಕಲಾವಿದ. ನಿಲ್ಲುತ್ತಲೇ ಹೋಗಿ ಕೊನೆಗೂ ಆಗದ ಬೇರೊಂದು ಸಿನಿಮಾ ಯೋಜನೆಯಲ್ಲಿ ಕೆಲಸ ಮಾಡುವಾಗ ಓ'ಬ್ಯಾನನ್ ಈ ಗೀಗರ್ ಅವರ ಕಲೆಯನ್ನು ಕಂಡಿದ್ದರು. ಅವರ 'ನೆಕ್ರೊನಾಮ್ 4' ಎಂಬ ವರ್ಣಚಿತ್ರ ಸ್ಕಾಟ್ ಕೈಗೆ ಬಂದಾಗ ಜೀವಿ ಸಿಕ್ಕಿತು. ಇಲ್ಲಿ ಗಮನಿಸಬೇಕಾದ ಇನ್ನೊಂದು ಜಾಣತನವಿದೆ. ಮನುಷ್ಯರ ಹಡಗನ್ನು ರಾನ್ ಕಾಬ್ ಮತ್ತಿತರರಿಗೆ, ಅನ್ಯಜೀವಿಯ ಲೋಕವನ್ನು ಗೀಗರ್‌ಗೆ ವಹಿಸಲಾಯಿತು. ಎರಡು ಲೋಕಗಳನ್ನು ಎರಡು ಬೇರೆ ಕೈಗಳು ಬಿಡಿಸಿದ್ದರಿಂದ ಒಂದರ ಗೆರೆ ಇನ್ನೊಂದಕ್ಕೆ ಹೋಲಲಿಲ್ಲ. ನಿಮ್ಮ ಬಳಿ ಇಬ್ಬರು ಕಲಾವಿದರಿದ್ದರೆ ಈ ಹಂಚಿಕೆಯನ್ನು ಖಂಡಿತ ಮಾಡಿ.

ವಿನ್ಯಾಸದ ಹಕ್ಕು ಯಾರದ್ದು, ಮುಂದೆ ಬೊಂಬೆ, ಪೋಸ್ಟರ್, ಎರಡನೇ ಭಾಗ ಬಂದರೆ ಪಾಲು ಹೇಗೆ ಎಂಬುದನ್ನು ಮೊದಲ ಸ್ಕೆಚ್ಚಿಗೂ ಮುಂಚೆ ಕಾಗದದಲ್ಲಿ ಬರೆದುಕೊಳ್ಳಿ. ಸ್ನೇಹಿತರಾದರೂ ಸರಿಯೇ, ಸ್ನೇಹಿತರಾದರೆ ಇನ್ನೂ ಮುಖ್ಯ.

ರೂಪಾಂತರದ ಕಥೆಯಾದರೆ ಕೊನೆಯಿಂದ ಮೊದಲಿಗೆ ಬನ್ನಿ. 'ದಿ ಫ್ಲೈ'ಯಲ್ಲಿ ಮನುಷ್ಯ ನೊಣವಾಗುವ ಹಂತಗಳನ್ನು ವಿನ್ಯಾಸ ಮಾಡುವಾಗ ಕ್ರಿಸ್ ವೇಲಾಸ್ ತಂಡ ಮೊದಲು ಅಂತಿಮ ಜೀವಿಯನ್ನು ರೂಪಿಸಿತು. ಆಮೇಲೆ ಹಿಂದಕ್ಕೆ ಬರುತ್ತಾ ನಡುವಿನ ಹಂತಗಳನ್ನು ತುಂಬಿತು. ಮೊದಲ ಹಂತದಲ್ಲಿ ಬೆನ್ನ ಮೇಲೆ ಕಾಣುವ ಒರಟು ಕೂದಲಿಗೂ ಕೊನೆಯ ರೂಪಕ್ಕೂ ಸಂಬಂಧ ಉಳಿದದ್ದು ಹೀಗೆ. ಆ ಕೆಲಸಕ್ಕೆ ವೇಲಾಸ್ ಮತ್ತು ಸ್ಟೀಫನ್ ಡುಪುಯಿ ಅವರಿಗೆ ಮೇಕಪ್ ವಿಭಾಗದ ಆಸ್ಕರ್ ಬಂತು.

ಹಂತ 4: ಜೀವಿಯನ್ನು ಶಾಟ್‌ಗಳಾಗಿ ಒಡೆಯಿರಿ

ಹೆಚ್ಚಿನ ಕಡಿಮೆ ಬಜೆಟ್ ಚಿತ್ರಗಳು ಸೋಲುವುದು ಇಲ್ಲಿ. ಪೂರ್ತಿ ಜೀವಿಯನ್ನು ತಲೆಯಿಂದ ಬಾಲದವರೆಗೆ ಕಟ್ಟಿಸಿ, ಅರ್ಧ ಬಜೆಟ್ ಅದಕ್ಕೇ ಹೋಗಿ, ಕೊನೆಗೆ ಅದು ಕುತ್ತಿಗೆ ತಿರುಗಿಸಲೂ ಆಗದೆ ನಿಲ್ಲುತ್ತದೆ. ಅದರ ಬದಲು ಸ್ಟೋರಿಬೋರ್ಡ್ ಮುಂದಿಟ್ಟುಕೊಂಡು, ಜೀವಿ ಕಾಣುವ ಪ್ರತಿ ಶಾಟಿಗೂ ಒಂದು ಸಾಲು ಬರೆಯಿರಿ. ಈ ಶಾಟಿನಲ್ಲಿ ಕಾಣುವುದು ಯಾವ ಭಾಗ? ಎಷ್ಟು ಸೆಕೆಂಡು? ಅದು ಚಲಿಸಬೇಕೇ? ಯಾರನ್ನಾದರೂ ಮುಟ್ಟಬೇಕೇ? ಪಟ್ಟಿ ಮುಗಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ: ನಿಮಗೆ ಬೇಕಿರುವುದು ಒಂದು ಜೀವಿಯಲ್ಲ. ಬಾಯಿ ತೆರೆಯುವ ಒಂದು ತಲೆ, ಹಿಡಿಯುವ ಒಂದು ಕೈ, ದೂರದಿಂದ ನಡೆಯುವ ಒಂದು ಸೂಟ್, ಗೋಡೆಯ ಮೇಲೆ ಬೀಳುವ ಒಂದು ನೆರಳು.

'ಏಲಿಯನ್'ನಲ್ಲೂ ಹೀಗೆಯೇ ಕೆಲಸ ಹಂಚಿತ್ತು. ತಲೆಯೊಳಗಿನ ದವಡೆಯ ಯಂತ್ರವನ್ನು ಕಾರ್ಲೋ ರಾಂಬಾಲ್ಡಿ ಮಾಡಿದರು. ಎದೆಯಿಂದ ಹೊರಬರುವ ಮರಿಯನ್ನು ರೋಜರ್ ಡಿಕನ್ ಮಾಡಿದರು. ದೊಡ್ಡ ಜೀವಿಯ ಸೂಟ್ ಹಾಕಿಕೊಂಡವರು ಬೋಲಾಜಿ ಬಡೇಜೋ, ನೈಜೀರಿಯಾ ಮೂಲದ ವಿನ್ಯಾಸ ವಿದ್ಯಾರ್ಥಿ. ಸುಮಾರು 6 ಅಡಿ 10 ಅಂಗುಲ ಎತ್ತರ, ಉದ್ದನೆಯ ಸಣಕಲು ಕೈಕಾಲು. ಸೂಟಿನೊಳಗೆ ಮನುಷ್ಯನಿದ್ದಾನೆ ಎಂದು ಅನಿಸಬಾರದೆಂದೇ ಅಂಥವರನ್ನು ಹುಡುಕಿದ್ದರು. ಬಾಲ ಇದ್ದದ್ದರಿಂದ ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಅದಕ್ಕೆ ಅವರಿಗಾಗಿ ಒಂದು ಉಯ್ಯಾಲೆ ಕಟ್ಟಿಕೊಟ್ಟಿದ್ದರು. ಸೂಟ್ ತೊಡುವವರು ಎಲ್ಲಿ ಕೂರುತ್ತಾರೆ, ನೀರು ಹೇಗೆ ಕುಡಿಯುತ್ತಾರೆ, ಎಷ್ಟು ಹೊತ್ತಿಗೊಮ್ಮೆ ತಲೆ ಬಿಚ್ಚುತ್ತಾರೆ ಎಂಬುದನ್ನು ನೀವೂ ಮೊದಲೇ ಯೋಚಿಸಿ. ಲೇಟೆಕ್ಸ್ ರಬ್ಬರಿನ ಒಳಗೆ ಮನುಷ್ಯ ಬೇಗ ಬಳಲುತ್ತಾನೆ.

ಮುಖದ ಅಚ್ಚು ತೆಗೆಯುವಾಗ ಎಚ್ಚರ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಅದನ್ನು ನೇರವಾಗಿ ಚರ್ಮಕ್ಕೆ ದಪ್ಪವಾಗಿ ಹಚ್ಚಲೇಬಾರದು. ಮೊದಲು ಆಲ್ಜಿನೇಟ್ (ನೀರಿನಲ್ಲಿ ಕಲಸುವ ಅಚ್ಚಿನ ಪುಡಿ) ಅಥವಾ ಚರ್ಮಕ್ಕೆ ಸುರಕ್ಷಿತವಾದ ಸಿಲಿಕೋನ್, ಅದರ ಮೇಲೆ ಪ್ಲಾಸ್ಟರ್ ಬ್ಯಾಂಡೇಜ್. ಮೂಗಿನ ಹೊಳ್ಳೆ ಸದಾ ತೆರೆದಿರಬೇಕು. ಅದನ್ನೊಂದೇ ನೋಡಿಕೊಳ್ಳಲು ಒಬ್ಬರು ಪಕ್ಕದಲ್ಲಿ ನಿಂತಿರಬೇಕು. ನಟರಿಗೆ ಲೇಟೆಕ್ಸ್ ಅಲರ್ಜಿ ಇದೆಯೇ ಎಂದು ಮುಂಚಿತವಾಗಿ ಕೈಯ ಮೇಲೆ ಹಚ್ಚಿ ನೋಡಿ. ಪಾಲಿಯುರೆಥೇನ್ ಫೋಮ್ ಬೆರೆಸುವಾಗ ಗಾಳಿಯಾಡುವ ಜಾಗ ಮತ್ತು ಸರಿಯಾದ ಮಾಸ್ಕ್ ಕಡ್ಡಾಯ.

ಲೋಳೆಯ ವಿಷಯಕ್ಕೆ ಬರೋಣ. ಈ ಪ್ರಕಾರದಲ್ಲಿ ಲೋಳೆ ಇಲ್ಲದ ಸಿನಿಮಾ ಅಪರೂಪ, ಆದರೂ ಅದನ್ನು ಸರಿಯಾಗಿ ಮಾಡುವವರು ಕಡಿಮೆ. ಉದ್ಯಮದಲ್ಲಿ ಹೆಚ್ಚು ಬಳಸುವುದು ಮೀಥೈಲ್ ಸೆಲ್ಯುಲೋಸ್ ಪುಡಿ. ತಣ್ಣೀರಿಗೆ ನೇರ ಸುರಿದರೆ ಗಂಟು ಕಟ್ಟುತ್ತದೆ. ಈ ಪುಡಿ ಬಿಸಿನೀರಿನಲ್ಲಿ ಕರಗುವುದಿಲ್ಲ, ತಣ್ಣಗಾದಾಗ ಕರಗುತ್ತದೆ. ಆದ್ದರಿಂದ ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಪುಡಿಯನ್ನು ಕದಡಿ ಹರಡಿಕೊಳ್ಳಿ, ಆಮೇಲೆ ತಣ್ಣೀರು ಸೇರಿಸುತ್ತಾ ಕಲಕಿ. ಮೊದಲು ಹಾಲಿನಂತೆ ಮಸುಕಾಗಿರುವ ದ್ರವ ನಿಧಾನಕ್ಕೆ ತಿಳಿಯಾಗಿ ದಪ್ಪವಾಗುತ್ತದೆ. ರಾತ್ರಿಯಿಡೀ ಬಿಟ್ಟರೆ ಗುಳ್ಳೆಗಳೂ ಹೋಗುತ್ತವೆ. ಬೆರಳಿನಿಂದ ಎತ್ತಿ ನೋಡಿ: ಎಳೆ ಗೇಣುದ್ದ ಇಳಿದು ತುಂಡಾಗಬೇಕು. ತಕ್ಷಣ ಬಿದ್ದರೆ ನೀರು ಹೆಚ್ಚಾಗಿದೆ. ಬಣ್ಣವನ್ನು ಆದಷ್ಟು ಕಡಿಮೆ ಹಾಕಿ, ಏಕೆಂದರೆ ಲೋಳೆಯ ಕೆಲಸ ಬೆಳಕನ್ನು ಹಿಡಿಯುವುದು.

ಕೃತಕ ರಕ್ತಕ್ಕೆ ಕಾರ್ನ್ ಸಿರಪ್ ಮತ್ತು ಆಹಾರದ ಬಣ್ಣ ಹಳೆಯ ದಾರಿ. ಬರೀ ಕೆಂಪು ಹಾಕಿದರೆ ಕ್ಯಾಮೆರಾದಲ್ಲಿ ಶರಬತ್ತಿನಂತೆ ಕಾಣುತ್ತದೆ. ಒಂದೆರಡು ಹನಿ ನೀಲಿಯೋ ಹಸಿರೋ ಬೆರೆಸಿ ಗಾಢ ಮಾಡಿ. ಬಾಯಿಗೆ ಹೋಗುವ ರಕ್ತವನ್ನು ಬೇರೆ ಪಾತ್ರೆಯಲ್ಲಿ, ತಿನ್ನಲು ಯೋಗ್ಯವಾದ ಪದಾರ್ಥಗಳಿಂದಲೇ ಮಾಡಿ, ಮೇಲೆ ಚೀಟಿ ಅಂಟಿಸಿ. ರಕ್ತ ಬೀಳುವ ಪ್ರತಿ ಉಡುಪಿಗೂ ಅದೇ ಅಳತೆಯ ಹೆಚ್ಚುವರಿ ಜೊತೆ ಬೇಕು. ಇದನ್ನು ಬಜೆಟ್ಟಿನಲ್ಲಿ ಮರೆಯುವವರೇ ಹೆಚ್ಚು.

ಒಂದು ಮಾತು ಕೆಲಸದ ಹೊರೆಯ ಬಗ್ಗೆ. 'ದಿ ಥಿಂಗ್'ನ ಜೀವಿಗಳನ್ನು ರೂಪಿಸಿದ ರಾಬ್ ಬಾಟಿನ್ ಆಗ ಇಪ್ಪತ್ತರ ಆರಂಭದ ಹುಡುಗ. ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಡುವಿಲ್ಲದೆ ದುಡಿದು ಕೊನೆಗೆ ಬಳಲಿ ಆಸ್ಪತ್ರೆ ಸೇರಬೇಕಾಯಿತು. ನಾಯಿಯ ರೂಪಾಂತರದ ದೃಶ್ಯಕ್ಕೆ ಸ್ಟ್ಯಾನ್ ವಿನ್‌ಸ್ಟನ್ ಅವರ ನೆರವು ಪಡೆಯಬೇಕಾಯಿತು. ಜೀವಿಯ ವಿಭಾಗ ಯಾವಾಗಲೂ ಅಂದುಕೊಂಡದ್ದಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ. ಶೆಡ್ಯೂಲ್ ಹಾಕುವವರು ಇದನ್ನು ತಿಳಿದೇ ಹಾಕಬೇಕು, ಯಾವ ಸಿನಿಮಾವೂ ಒಬ್ಬರ ಆರೋಗ್ಯಕ್ಕಿಂತ ದೊಡ್ಡದಲ್ಲ.

ಹಂತ 5: ಸೆಟ್ಟನ್ನು ಇಕ್ಕಟ್ಟಾಗಿ ಕಟ್ಟಿ

ಸೂರು ಕಾಣಬೇಕು. ಸಾಮಾನ್ಯವಾಗಿ ಸ್ಟುಡಿಯೋ ಸೆಟ್ಟುಗಳಿಗೆ ಸೂರು ಇರುವುದಿಲ್ಲ, ಮೇಲಿಂದ ಲೈಟು ಇಳಿಬಿಡಲು ಅನುಕೂಲ. ಆದರೆ ಈ ಪ್ರಕಾರದಲ್ಲಿ ತಲೆಯ ಮೇಲೆ ಕೈಗೆಟಕುವಷ್ಟು ಎತ್ತರದಲ್ಲಿ ಸೂರಿದ್ದರೆ ಅರ್ಧ ಭಯ ಅಲ್ಲೇ ಸಿದ್ಧ. ಲಂಡನ್ ಬಳಿಯ ಶೆಪ್ಪರ್‌ಟನ್ ಸ್ಟುಡಿಯೋದಲ್ಲಿ 'ಏಲಿಯನ್'ಗೆ ಕಟ್ಟಿದ ಹಡಗಿನ ಕೋಣೆಗಳು, ಹಜಾರಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ನಟರು ಒಂದು ಕಡೆ ಹೊಕ್ಕರೆ ಇಡೀ ಸೆಟ್ಟಿನಲ್ಲಿ ನಡೆದು ಹೋಗಬೇಕಾಗಿತ್ತು. ಗೋಡೆಗಳಿಗೆ ಗುಜರಿಯಿಂದ ತಂದ ವಿಮಾನದ ಬಿಡಿಭಾಗಗಳನ್ನು ಜೋಡಿಸಿದ್ದರು. ನಿಮ್ಮ ಬಜೆಟ್ಟಿಗೂ ಇದು ಹೊಂದುತ್ತದೆ: ಹಳೆಯ ಸರ್ಕ್ಯೂಟ್ ಬೋರ್ಡ್, ಪೈಪು, ಕೇಬಲ್ಲು, ಪ್ಯಾಕಿಂಗ್‌ನ ಪ್ಲಾಸ್ಟಿಕ್ ಅಚ್ಚುಗಳು. ಎಲ್ಲಕ್ಕೂ ಒಂದೇ ಬಣ್ಣ ಹೊಡೆದು, ಮೇಲೆ ಎಣ್ಣೆಗಲೆ, ತುಕ್ಕು, ಕೈಮುಟ್ಟಿ ಸವೆದ ಗುರುತು ಮಾಡಿ. ಹೊಸದಾಗಿ ಹೊಳೆಯುವ ಯಂತ್ರವನ್ನು ಯಾರೂ ನಂಬುವುದಿಲ್ಲ.

ಸೆಟ್ ಸಾಲದೆ ಬಂದಾಗ ಮನುಷ್ಯರನ್ನು ಚಿಕ್ಕದು ಮಾಡಿ. ಪಾಳುಬಿದ್ದ ಅನ್ಯಲೋಕದ ಹಡಗಿನ ದೃಶ್ಯಕ್ಕೆ ಸ್ಕಾಟ್ ತಮ್ಮ ಮಕ್ಕಳಿಗೆ ಮತ್ತು ಛಾಯಾಗ್ರಾಹಕ ಡೆರೆಕ್ ವ್ಯಾನ್‌ಲಿಂಟ್ ಅವರ ಮಗುವಿಗೆ ಚಿಕ್ಕ ಅಳತೆಯ ಅಂತರಿಕ್ಷ ಉಡುಪು ತೊಡಿಸಿ ನಿಲ್ಲಿಸಿದ್ದರು. ಮಕ್ಕಳ ಪಕ್ಕದಲ್ಲಿ ಸೆಟ್ ಹಲವು ಪಾಲು ದೊಡ್ಡದಾಗಿ ಕಂಡಿತು.

ಬೆಳಕಿನ ಬಗ್ಗೆ ನನ್ನ ನಿಲುವು ಗಟ್ಟಿ: ಜೀವಿಗೆ ಎದುರಿನಿಂದ ಲೈಟ್ ಹಾಕಲೇಬೇಡಿ. ಹಿಂದಿನಿಂದ ಅಥವಾ ಪಕ್ಕದಿಂದ ಬಂದ ಬೆಳಕು ಲೋಳೆಯ ಅಂಚನ್ನು ಮಾತ್ರ ಮಿಂಚಿಸುತ್ತದೆ, ಉಳಿದದ್ದನ್ನು ಕತ್ತಲೆ ನೋಡಿಕೊಳ್ಳುತ್ತದೆ. ತೆಳುವಾದ ಹೊಗೆ ಹಾಯಿಸಿದರೆ ಬೆಳಕಿಗೆ ಮೈ ಬರುತ್ತದೆ, ಸೂಟಿನ ಹೊಲಿಗೆಗಳು ಮುಚ್ಚಿಹೋಗುತ್ತವೆ. ಬೆಳಕಿನ ಮೂಲ ದೃಶ್ಯದೊಳಗೇ ಇರಲಿ. ಟಾರ್ಚು, ಎಚ್ಚರಿಕೆಯ ದೀಪ, ಮಿನುಗುವ ಪರದೆ. ಪಾತ್ರದ ಕೈಯಲ್ಲಿರುವ ಟಾರ್ಚೇ ಪ್ರೇಕ್ಷಕರ ಕಣ್ಣು. ಅದು ಯಾವ ಕಡೆ ತಿರುಗಿಲ್ಲ ಎಂಬುದರ ಮೇಲೆಯೇ ಎಲ್ಲರ ಗಮನ.

ಹಂತ 6: ದೊಡ್ಡ ದೃಶ್ಯದ ದಿನ

ಜೀವಿ ಹೊರಬರುವ, ದೇಹ ಸೀಳುವ, ಒಂದೇ ಸಲ ಮಾಡಬಹುದಾದ ದೃಶ್ಯಗಳಿಗೆ ಪ್ರತ್ಯೇಕ ದಿನ ಇಡಿ. ಆ ದಿನ ಬೇರೆ ಯಾವ ದೃಶ್ಯವನ್ನೂ ಹಾಕಿಕೊಳ್ಳಬೇಡಿ.

ಎದೆ ಸೀಳಿ ಮರಿ ಹೊರಬರುವ 'ಏಲಿಯನ್'ನ ಊಟದ ಮೇಜಿನ ದೃಶ್ಯ ಹೇಗೆ ತೆಗೆದರು ಎಂಬುದನ್ನು ಹತ್ತಿರದಿಂದ ನೋಡೋಣ. ನಟ ಜಾನ್ ಹರ್ಟ್ ಮೇಜಿನ ಕೆಳಗೆ ಸೇರಿಕೊಂಡು ತಲೆ ಮತ್ತು ತೋಳುಗಳನ್ನು ಮಾತ್ರ ಮೇಲೆ ಚಾಚಿದ್ದರು. ಮೇಜಿನ ಮೇಲೆ ಕಾಣುತ್ತಿದ್ದ ಎದೆ ಕೃತಕ. ಅದರೊಳಗೆ ಕಸಾಯಿಖಾನೆಯಿಂದ ತಂದ ಪ್ರಾಣಿಗಳ ಒಳ ಅಂಗಗಳನ್ನೂ ಕೃತಕ ರಕ್ತವನ್ನೂ ತುಂಬಿದ್ದರು, ಕೆಳಗಿನಿಂದ ಬೊಂಬೆಯನ್ನು ಮೇಲಕ್ಕೆ ನೂಕಲು ಜನ ಇದ್ದರು, ರಕ್ತ ಚಿಮ್ಮಿಸಲು ಪಂಪುಗಳಿದ್ದವು. ಉಳಿದ ನಟರು ಚಿತ್ರಕಥೆ ಓದಿದ್ದರು. ಮರಿ ಹೊರಬರುತ್ತದೆ ಎಂದು ಗೊತ್ತಿತ್ತು, ರಕ್ತ ಎಷ್ಟು, ಯಾವ ದಿಕ್ಕಿಗೆ ಎಂದು ಗೊತ್ತಿರಲಿಲ್ಲ. ಕ್ಯಾಮೆರಾಗಳಿಗೆ ಪ್ಲಾಸ್ಟಿಕ್ ಹೊದಿಸಿದ್ದು ನೋಡಿ ಅವರಿಗೆ ಅನುಮಾನ ಬಂದಿತ್ತಷ್ಟೇ. ಮೊದಲ ಯತ್ನದಲ್ಲಿ ಬೊಂಬೆಗೆ ಅಂಗಿಯನ್ನು ಹರಿದು ಬರಲಾಗಲಿಲ್ಲ. ಅಂಗಿಯ ಬಟ್ಟೆಯನ್ನು ಇನ್ನಷ್ಟು ಸಡಿಲಗೊಳಿಸಿ ಮತ್ತೆ ತೆಗೆದಾಗ ರಕ್ತದ ಚಿಲುಮೆ ನೇರ ನಟಿ ವೆರೋನಿಕಾ ಕಾರ್ಟ್‌ರೈಟ್ ಅವರ ಮುಖಕ್ಕೆ ಬಡಿಯಿತು. ತೆರೆಯ ಮೇಲೆ ಕಾಣುವ ಅವರ ಬೆಚ್ಚುವಿಕೆ ಅಭಿನಯವಲ್ಲ.

ಇದರಿಂದ ತೆಗೆದುಕೊಳ್ಳಬೇಕಾದದ್ದು ಎರಡು. ಹಲವು ಕ್ಯಾಮೆರಾ ಇಡಿ, ಏಕೆಂದರೆ ಎರಡನೇ ಸಲ ಮುಖದ ಮೇಲೆ ಅದೇ ಬೆರಗು ಬರುವುದಿಲ್ಲ. ಬಟ್ಟೆಯನ್ನು ಮೊದಲೇ ಹರಿತವಾದ ಬ್ಲೇಡಿನಿಂದ ಒಳಬದಿಯಲ್ಲಿ ಗೀರಿ, ಖಾಲಿ ಬೊಂಬೆಯಿಂದ ಪರೀಕ್ಷಿಸಿ ನೋಡಿ. ನಟರಿಗೆ ತಿಳಿಸದೆ ಬೆಚ್ಚಿಬೀಳಿಸುವುದನ್ನು ಮಾತ್ರ ನಾನು ಅನುಸರಿಸಿ ಎನ್ನಲಾರೆ. ಏನೇನು ಮೈಮೇಲೆ ಬೀಳಬಹುದು ಎಂದು ಹೇಳಿ ಒಪ್ಪಿಗೆ ಪಡೆಯಿರಿ, ಯಾವ ಕ್ಷಣ ಎಂಬುದನ್ನು ಗುಟ್ಟಾಗಿಡಿ. ಬೆಚ್ಚಲು ಅಷ್ಟು ಸಾಕು.

ಸೆಟ್ಟಿನಲ್ಲಿ ಕೈಗೆ ಬರುವ ಇನ್ನೂ ಕೆಲವು ಉಪಾಯಗಳಿವೆ. ಜೀವಿಯ ಬಳ್ಳಿಯಂಥ ತೋಳೊಂದು ಗುರಿ ತಪ್ಪದೆ ಕುತ್ತಿಗೆಗೆ ಸುತ್ತಿಕೊಳ್ಳಬೇಕೇ? ಮೊದಲೇ ಸುತ್ತಿಟ್ಟು, ಹಿಂದಕ್ಕೆ ಎಳೆದು ಚಿತ್ರೀಕರಿಸಿ, ಉಲ್ಟಾ ಓಡಿಸಿ. ನಟರು ಮಾತ್ರ ತಮ್ಮ ಚಲನೆಯನ್ನೂ ಹಿಮ್ಮುಖವಾಗಿ ಮಾಡಬೇಕು, ಅದಕ್ಕೆ ಅಭ್ಯಾಸ ಬೇಕು. ಜೀವಿ ಗಕ್ಕನೆ ಚಲಿಸಬೇಕಿದ್ದರೆ ಸೆಕೆಂಡಿಗೆ 24ರ ಬದಲು 20 ಅಥವಾ 22 ಫ್ರೇಮ್ ವೇಗದಲ್ಲಿ ತೆಗೆಯಿರಿ. ಮಿನಿಯೇಚರ್ ಆದರೆ ತದ್ವಿರುದ್ಧ, ವೇಗ ಹೆಚ್ಚಿಸಬೇಕು. ಲೆಕ್ಕ ಸುಲಭ: ಮಾದರಿ ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲದಿಂದ 24ನ್ನು ಗುಣಿಸಿ. ನಾಲ್ಕನೇ ಒಂದರ ಅಳತೆಯ ಮಾದರಿಗೆ 48 ಫ್ರೇಮ್, ಹದಿನಾರನೇ ಒಂದರದಕ್ಕೆ 96. ಬೀಳುವ ವಸ್ತುವಿಗೆ ಆಗ ತೂಕ ಬರುತ್ತದೆ. 'ದಿ ಫ್ಲೈ'ಯಲ್ಲಿ ನಟ ಜೆಫ್ ಗೋಲ್ಡ್‌ಬ್ಲಮ್ ಗೋಡೆ ಹತ್ತಿ ಸೂರಿನ ಮೇಲೆ ನಡೆಯುವಾಗ ತಿರುಗಿದ್ದು ಇಡೀ ಕೋಣೆ. ಕ್ಯಾಮೆರಾವನ್ನು ಕೋಣೆಗೇ ಬಿಗಿದಿದ್ದರು.

ಹಂತ 7: ವಿಎಫ್‌ಎಕ್ಸ್‌ಗೆ ಬೇಕಾದದ್ದನ್ನು ಸೆಟ್ಟಿನಲ್ಲೇ ತೆಗೆದಿಡಿ

ವಿಎಫ್‌ಎಕ್ಸ್ ಎಂದರೆ ಕಂಪ್ಯೂಟರಿನಲ್ಲಿ ಸೇರಿಸುವ ದೃಶ್ಯ ಪರಿಣಾಮ. ಕಂಪ್ಯೂಟರಿನಲ್ಲಿ ಸರಿಮಾಡೋಣ ಎನ್ನುವ ಪ್ರತಿ ಶಾಟಿಗೂ ಖಾಲಿ ಪ್ಲೇಟ್ (ಅದೇ ಶಾಟ್, ನಟರಿಲ್ಲದೆ), ಸೆಟ್ಟಿನ ಬೆಳಕು ಹೇಗಿತ್ತೆಂದು ತೋರಿಸುವ ಬೂದು ಮತ್ತು ಕನ್ನಡಿ ಗೋಳಗಳ ರೆಫರೆನ್ಸ್ ತೆಗೆದಿಡಿ, ಲೆನ್ಸ್ ಮತ್ತು ಕ್ಯಾಮೆರಾ ಎತ್ತರದ ಅಳತೆ ಬರೆದಿಡಿ. ಪೂರ್ತಿ ಡಿಜಿಟಲ್ ಜೀವಿಯಾದರೂ ನಟರ ಎದುರು ಏನಾದರೂ ಇರಲಿ, ಕೋಲಿನ ಮೇಲಿನ ತಲೆಯಾದರೂ ಸರಿ. ಕಣ್ಣುಗಳೆಲ್ಲ ಒಂದೇ ಬಿಂದುವನ್ನು ನೋಡದಿದ್ದರೆ ಯಾವ ಸಾಫ್ಟ್‌ವೇರೂ ಕೈಹಿಡಿಯದು. ಕಂಪ್ಯೂಟರನ್ನು ತಂತಿ ಅಳಿಸಲು, ಬೊಂಬೆಯ ಕಣ್ಣು ಮಿಟುಕಿಸಲು, ಬಾಯಿಯ ಚಲನೆ ತಿದ್ದಲು ಬಳಸಿದರೆ ಫಲ ಚೆನ್ನಾಗಿರುತ್ತದೆ, ಖರ್ಚೂ ಕಡಿಮೆ.

ಹಂತ 8: ಕಿವಿಗೆ ಮೊದಲು ಕೆಲಸ ಕೊಡಿ

ಜೀವಿ ಕಾಣುವ ಮೊದಲೇ ಕೇಳಿಸಬೇಕು. ಸೌಂಡ್ ಡಿಸೈನರ್ ಕೈಗೆ ನಿಯಮಪತ್ರ ಕೊಟ್ಟಿದ್ದರೆ ಇಲ್ಲಿ ಅದು ಫಲ ಕೊಡುತ್ತದೆ. ಜೀವಿಗೆ ಶ್ವಾಸಕೋಶ ಇದೆಯೇ? ಇಲ್ಲದಿದ್ದರೆ ಅದು ಗರ್ಜಿಸಬಾರದು. ಚಿಪ್ಪಿದ್ದರೆ ಕಟಕಟ, ಮೆತ್ತಗಿದ್ದರೆ ಒದ್ದೆ ಸದ್ದು. 1978ರ 'ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್'ನಲ್ಲಿ ಅನ್ಯಜೀವಿಗಳ ಚೀತ್ಕಾರಕ್ಕೆ ಬೆನ್ ಬರ್ಟ್ ಹಂದಿಯ ಕೂಗನ್ನು ಬೆರೆಸಿದ್ದರು. ಪ್ರಾಣಿಯ ದನಿಯನ್ನು ಅರ್ಧ ವೇಗಕ್ಕೆ ಇಳಿಸಿದರೆ ಅದರ ಗುರುತು ಅಳಿಯುತ್ತದೆ, ಜೀವಂತಿಕೆ ಉಳಿಯುತ್ತದೆ. ಮೂಳೆ ಮುರಿಯಲು ಸೆಲರಿ ದಂಟು, ಚರ್ಮ ಸುಲಿಯಲು ಒದ್ದೆ ಶ್ಯಾಮಿ (ಒರೆಸಲು ಬಳಸುವ ಮೆತ್ತನೆಯ ಚರ್ಮ), ಇವು ಫೋಲಿ ಕಲಾವಿದರ, ಅಂದರೆ ತೆರೆಯ ಮೇಲಿನ ಸದ್ದುಗಳನ್ನು ಸ್ಟುಡಿಯೋದಲ್ಲಿ ಸೃಷ್ಟಿಸುವವರ, ಹಳೆಯ ಸಂಗಾತಿಗಳು. ಕೋಣೆಗೂ ಒಂದು ನಿರಂತರ ಗುಂಯ್‌ಗುಡುವಿಕೆ ಕೊಡಿ: ಫ್ಯಾನು, ಟ್ರಾನ್ಸ್‌ಫಾರ್ಮರ್, ಪೈಪಿನ ನೀರು. ಅದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದ ಕ್ಷಣ ಪ್ರೇಕ್ಷಕರ ಬೆನ್ನು ನೆಟ್ಟಗಾಗುತ್ತದೆ.

ಸಂಗೀತದ ಬಗ್ಗೆ ಒಂದೇ ಎಚ್ಚರಿಕೆ. ಸಂಕಲನಕ್ಕಾಗಿ ತಾತ್ಕಾಲಿಕವಾಗಿ ಹಾಕಿಕೊಂಡ ಸಂಗೀತಕ್ಕೆ ಮನಸ್ಸು ಅಂಟಿಕೊಂಡುಬಿಡುತ್ತದೆ. 'ಏಲಿಯನ್'ಗೆ ಜೆರ್ರಿ ಗೋಲ್ಡ್‌ಸ್ಮಿತ್ ಹೊಸ ಸಂಗೀತ ಬರೆದರೂ, ತಾತ್ಕಾಲಿಕವಾಗಿ ಬಳಸಿದ್ದ ಅವರದೇ 1962ರ 'ಫ್ರಾಯ್ಡ್' ಚಿತ್ರದ ತುಣುಕುಗಳು ಕೊನೆಯ ಪ್ರತಿಯಲ್ಲೂ ಉಳಿದವು. ಅವರಿಗೆ ಅದು ಹಿಡಿಸಲಿಲ್ಲ. ಸಂಗೀತಗಾರರನ್ನು ಬೇಗ ಕರೆಸಿ, ಸ್ಟೋರಿಬೋರ್ಡ್ ತೋರಿಸಿ, ಎರಡು ನಿಮಿಷದ ಮಾದರಿಯನ್ನಾದರೂ ಶೂಟಿಂಗಿಗೆ ಮುಂಚೆಯೇ ಪಡೆಯಿರಿ.

ಹಂತ 9: ಸಂಕಲನ, ಪರೀಕ್ಷಾ ಪ್ರದರ್ಶನ, ಮತ್ತೆ ಸಂಕಲನ

ಮೊದಲ ಸಂಕಲನದಲ್ಲಿ ಜೀವಿಯ ಶಾಟ್‌ಗಳು ಉದ್ದವಾಗಿಯೇ ಇರುತ್ತವೆ. ಅಷ್ಟು ಕಷ್ಟಪಟ್ಟು ತೆಗೆದದ್ದನ್ನು ಕತ್ತರಿಸಲು ಯಾರಿಗೂ ಮನಸ್ಸಾಗದು. ಒಂದು ವಾರ ಬಿಟ್ಟು ನೋಡಿ, ಪ್ರತಿ ಶಾಟಿನ ಕೊನೆಯಿಂದ ಫ್ರೇಮ್‌ಗಳನ್ನು ತೆಗೆಯುತ್ತಾ ಹೋಗಿ. ಕಣ್ಣಿಗೆ ಅರ್ಥವಾಗುವ ಒಂದು ಕ್ಷಣ ಮೊದಲು ನಿಲ್ಲಿಸಿ. ಎರಡು ಗಂಟೆಯ 'ಏಲಿಯನ್'ನಲ್ಲಿ ಬೆಳೆದ ಜೀವಿ ತೆರೆಯ ಮೇಲಿರುವುದು ಕೆಲವೇ ನಿಮಿಷ. ಜೀವಿಯನ್ನು ನೋಡಿದವರ ಮುಖವನ್ನು ಮೊದಲು, ಜೀವಿಯನ್ನು ಆಮೇಲೆ ತೋರಿಸುವ ಕ್ರಮವನ್ನೂ ಪರೀಕ್ಷಿಸಿ. ಎಲ್ಲ ದೃಶ್ಯಕ್ಕೂ ಅದು ಹೊಂದುವುದಿಲ್ಲ, ಹೊಂದಿದ ಕಡೆ ಬೇರೇನೂ ಬೇಕಾಗುವುದಿಲ್ಲ.

ಪರೀಕ್ಷಾ ಪ್ರದರ್ಶನಕ್ಕೆ ಸಿನಿಮಾದ ಬಗ್ಗೆ ಏನೂ ತಿಳಿಯದ ಹತ್ತಾರು ಮಂದಿಯನ್ನು ಕರೆಯಿರಿ. "ಭಯವಾಯಿತೇ" ಎಂದು ಕೇಳಬೇಡಿ, ಎಲ್ಲರೂ ಮರ್ಯಾದೆಗೆ ಹೌದೆನ್ನುತ್ತಾರೆ. ಕಾಗದ ಕೊಟ್ಟು ಹೀಗೆ ಕೇಳಿ: ಈ ಜೀವಿಗೆ ಏನು ಬೇಕಿತ್ತು? ಅದರಿಂದ ತಪ್ಪಿಸಿಕೊಳ್ಳಲು ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಉತ್ತರಗಳನ್ನು ನಿಮ್ಮ ನಿಯಮಪತ್ರದ ಪಕ್ಕದಲ್ಲಿಟ್ಟು ಓದಿ. ಹೆಚ್ಚಿನವರ ಉತ್ತರ ಅದಕ್ಕೆ ಹೊಂದಿದರೆ ಸಂಕಲನ ಸರಿಯಾಗಿದೆ. ಹೊಂದದಿದ್ದರೆ ಯಾವ ದೃಶ್ಯದಲ್ಲಿ ಎಳೆ ತಪ್ಪಿತು ಎಂದು ಹುಡುಕಿ. ಬಹಳ ಸಲ ಪೂರ್ತಿ ದೃಶ್ಯ ಮತ್ತೆ ತೆಗೆಯಬೇಕಾಗಿಲ್ಲ, ಒಂದು ಕ್ಲೋಸಪ್ಪೋ, ಬೆನ್ನು ತಿರುಗಿಸಿ ನಿಂತ ಪಾತ್ರದ ಮೇಲೆ ಸೇರಿಸಿದ ಒಂದು ಸಾಲಿನ ಮಾತೋ ಸಾಕಾಗುತ್ತದೆ.

ಇಂಥ ಪ್ಯಾಚ್ ಶೂಟಿಂಗ್ ಬಂದೇ ಬರುತ್ತದೆ ಎಂದಿಟ್ಟುಕೊಂಡು ಜೀವಿಯ ಬಿಡಿಭಾಗಗಳನ್ನು ಎಸೆಯಬೇಡಿ. ಲೇಟೆಕ್ಸ್ ಬಿಸಿಲು, ಶಾಖ, ಗಾಳಿಗೆ ಬೇಗ ಒಡೆಯುತ್ತದೆ. ಬಳಸಿದ ಭಾಗಗಳನ್ನು ತೊಳೆದು ಒಣಗಿಸಿ, ಮಡಚದೆ, ಒಳಗೆ ಕಾಗದ ತುಂಬಿ, ಕತ್ತಲೆಯ ತಂಪು ಜಾಗದಲ್ಲಿಡಿ. ಅವಕ್ಕಿಂತ ಮುಖ್ಯ ಅಚ್ಚುಗಳು. ಅವು ಜೋಪಾನವಾಗಿದ್ದರೆ ಹೊಸ ಚರ್ಮವನ್ನು ಯಾವಾಗ ಬೇಕಾದರೂ ಎರೆಯಬಹುದು. ಪ್ರತಿ ಅಚ್ಚಿನ ಮೇಲೆ ಯಾವ ಶಾಟಿನ ಯಾವ ಭಾಗ, ಯಾವ ಬಣ್ಣ ಎಷ್ಟು ಪಾಲು ಎಂದು ಅಳಿಸದ ಶಾಯಿಯಲ್ಲಿ ಬರೆದು, ಒಂದು ಫೋಟೋ ತೆಗೆದು, ಕೊನೆಯ ಮಿಕ್ಸಿಂಗ್ ಮುಗಿಯುವವರೆಗೆ ಸಂಕಲನಕಾರರ ಬಳಿಯೂ ಅದರ ಒಂದು ಪ್ರತಿ ಇರುವಂತೆ ನೋಡಿಕೊಳ್ಳಿ.